ಹಳೇ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವಾಗ ಮೊದಲು ನೆಕ್ ನೋಡಿ, ಹೊಳಪು ಆಮೇಲೆ

ಹಳೇ ಎಲೆಕ್ಟ್ರಿಕ್ ಗಿಟಾರ್ ಮಾರಾಟಕ್ಕಿಟ್ಟ ಫೋಟೋಗಳಲ್ಲಿ ಎದ್ದು ಕಾಣುವುದು ಬಾಡಿಯ ಬಣ್ಣ, ಕ್ರೋಮ್‌ನ ಹೊಳಪು, ಹೆಡ್‌ಸ್ಟಾಕ್ (ತಂತಿ ಬಿಗಿ ಮಾಡುವ ತುದಿ) ಮೇಲಿನ ಹೆಸರು. ದುಡ್ಡು ನುಂಗುವ ಜಾಗ ಫೋಟೋದಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಅದು ನೆಕ್, ತಂತಿಗಳು ಹಾಯುವ ಉದ್ದನೆಯ ಕತ್ತು. ಸತ್ತ ಪಿಕಪ್‌ಗೆ (ತಂತಿಯ ಅದುರನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ) ಹೊಸ ತಾಮ್ರದ ತಂತಿ ಸುತ್ತಿಸಬಹುದು, ಕರಕರ ಅನ್ನುವ ಪಾಟ್ (ವಾಲ್ಯೂಮ್, ಟೋನ್ ಗುಂಡಿಯ ಕೆಳಗಿನ ಭಾಗ) ತೊಳೆದರೆ ಬಹುಪಾಲು ಸರಿಹೋಗುತ್ತದೆ, ಬಾಡಿಯ ಮೇಲೆ ತಂತಿ ಕೂರುವ ಬ್ರಿಡ್ಜ್ ತುಕ್ಕು ತಿಂದಿದ್ದರೆ ಬದಲಿಸಬಹುದು. ನೆಕ್ ತಿರುಚಿಕೊಂಡಿದ್ದರೆ, ಇಲ್ಲವೇ ಅದರೊಳಗಿನ ಟ್ರಸ್ ರಾಡ್ (ಬಾಗು ಹೊಂದಿಸುವ ಲೋಹದ ಸರಳು) ತುಂಡಾಗಿದ್ದರೆ, ರಿಪೇರಿಯ ಖರ್ಚು ಗಿಟಾರ್‌ಗೆ ಕೊಟ್ಟ ಬೆಲೆಯನ್ನೇ ಮೀರಿಸೀತು. ಹಾಗಾಗಿ ಇಲ್ಲಿ ನೆಕ್ ಮತ್ತು ಅದರ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳಾದ ಫ್ರೆಟ್‌ಗಳ ಮಾತೇ ಜಾಸ್ತಿ. ಪಾಲಿಶ್ ವಿಷಯ ಒಂದು ಪ್ಯಾರಾದಲ್ಲಿ ಮುಗಿಯುತ್ತದೆ.

ಗಿಟಾರ್ ಕೈಗೆ ಬಂದ ಕೂಡಲೇ ನುಡಿಸಲು ಕೂರಬೇಡಿ. ಹೆಡ್‌ಸ್ಟಾಕ್ ಕಡೆಯಿಂದ ಒಂದು ಕಣ್ಣು ಮುಚ್ಚಿ, ಬಡಗಿ ಹಲಗೆಯ ನೇರ ನೋಡುವಂತೆ ಫಿಂಗರ್‌ಬೋರ್ಡ್ (ಫ್ರೆಟ್ ಕೂತಿರುವ ಹಲಗೆ) ಅಂಚಿನ ಗುಂಟ ದೃಷ್ಟಿ ಹಾಯಿಸಿ. ದಪ್ಪ ತಂತಿಯ ಕಡೆ ಒಮ್ಮೆ, ಸಣ್ಣ ತಂತಿಯ ಕಡೆ ಒಮ್ಮೆ. ಎರಡೂ ಅಂಚು ಒಂದೇ ರೀತಿ ಬಾಗಿದ್ದರೆ ಗಾಬರಿ ಬೇಡ, ಅದು ಹೊಂದಿಸಬಹುದಾದ ಬಾಗು. ಒಂದು ಅಂಚು ನೇರವಿದ್ದು ಇನ್ನೊಂದು ಬಾಗಿದ್ದರೆ, ಅಥವಾ ಮೊದಲ ಫ್ರೆಟ್ಟೂ ಕೊನೇ ಫ್ರೆಟ್ಟೂ ಒಂದಕ್ಕೊಂದು ವಾಲಿದಂತೆ ಕಂಡರೆ, ಅದು ತಿರುಚು. ಟ್ರಸ್ ರಾಡ್ ನೆಕ್ಕಿನ ಉದ್ದದ ಬಾಗನ್ನು ತೆಗೆಯುತ್ತದೆಯೇ ಹೊರತು ತಿರುಚನ್ನು ಬಿಡಿಸುವುದಿಲ್ಲ. ಅಂಥ ಗಿಟಾರ್ ಎಷ್ಟೇ ಚಂದವಿರಲಿ, ಬಿಟ್ಟುಬಿಡುವುದೇ ವಾಸಿ.

ಬಾಗು ಎಷ್ಟಿದೆ ಅಂತ ಅಳೆಯಲು ತಂತಿಯನ್ನೇ ನೇರಪಟ್ಟಿಯಾಗಿ ಬಳಸಿ. ಆರನೇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ, ನೆಕ್ ಬಾಡಿಗೆ ಸೇರುವ ಜಾಗದ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಏಳನೇ ಅಥವಾ ಎಂಟನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ 0.2ರಿಂದ 0.25 ಮಿ.ಮೀ. ಸಂದು ಇರಬೇಕು. ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು) ಇಲ್ಲದಿದ್ದರೆ ತೆಳ್ಳನೆಯ ವಿಸಿಟಿಂಗ್ ಕಾರ್ಡ್ ತೂರಿಸಿ ಅಂದಾಜು ಮಾಡಬಹುದು. ಸಂದು ಒಂದು ಮಿಲಿಮೀಟರ್ ದಾಟಿದ್ದರೆ ಎರಡು ಸಾಧ್ಯತೆ: ಯಾರೂ ವರ್ಷಗಟ್ಟಲೆ ರಾಡ್ ಮುಟ್ಟಿಲ್ಲ, ಅಥವಾ ಮುಟ್ಟೀ ಮುಟ್ಟೀ ಅದು ಕೊನೆ ಮುಟ್ಟಿದೆ. ಯಾವುದು ಅಂತ ತಿಳಿಯಲು ಮಾರುವವರ ಒಪ್ಪಿಗೆ ಪಡೆದು ರಾಡ್‌ನ ನಟ್ಟನ್ನು ಕಾಲು ಸುತ್ತು ಸಡಿಲಿಸಿ, ಮತ್ತೆ ಅಷ್ಟೇ ಬಿಗಿ ಮಾಡಿ ನೋಡಿ. ಮೊದಲು ಸಡಿಲಿಸುವುದು, ಆಮೇಲೆ ಬಿಗಿ. ಈ ಕ್ರಮ ತಪ್ಪಿಸಬೇಡಿ. ತುಕ್ಕು ಹಿಡಿದು ಕಚ್ಚಿಕೊಂಡ ನಟ್ಟನ್ನು ನೇರವಾಗಿ ಬಿಗಿ ಮಾಡಲು ಹೋದಾಗಲೇ ರಾಡ್ ಪಟ್ ಅನ್ನುವುದು. ನಟ್ ತಿರುಗಿಸುವ ಕೀಲಿಗೆ ಯಾವ ಪ್ರತಿರೋಧವೂ ಸಿಗದೆ ಸುಮ್ಮನೆ ಸುತ್ತುತ್ತಲೇ ಇದ್ದು ನೆಕ್ ಬಾಗಿಯೇ ಉಳಿದರೆ, ರಾಡ್ ಮುರಿದಿದೆ ಇಲ್ಲವೇ ಹಲ್ಲು ಸವೆದಿದೆ. ನಟ್ ಪೂರ್ತಿ ಬಿಗಿಯಾಗಿದ್ದೂ ನೆಕ್ ಬಾಗಿದ್ದರೆ ರಾಡ್‌ನ ಶಕ್ತಿ ಮುಗಿದಿದೆ. ನಟ್ಟಿನ ಕೆಳಗೆ ಒಂದೆರಡು ವಾಷರ್ ಹಾಕಿ ಸ್ವಲ್ಪ ಜಾಗ ಗಿಟ್ಟಿಸಬಹುದು, ಅಷ್ಟೇ.

ಎರಡು ತೊಡಕುಗಳಿವೆ. ಅಮೆರಿಕದ ಫೆಂಡರ್ ಕಂಪನಿಯ ಹಳೇ ಗಿಟಾರ್‌ಗಳಲ್ಲಿ ರಾಡ್‌ನ ನಟ್ ನೆಕ್ಕಿನ ಬುಡದಲ್ಲಿ ಅಡಗಿರುತ್ತದೆ, ನೆಕ್ ಬಿಚ್ಚದೆ ತಿರುಗಿಸಲಾಗದು. ಇನ್ನು 1960ರ ದಶಕದ ಅಗ್ಗದ ಗಿಟಾರ್‌ಗಳು ಕೆಲವುಗಳಲ್ಲಿ ತಿರುಗಿಸುವ ರಾಡ್ ಇರುವುದೇ ಇಲ್ಲ, ಒಳಗೆ ಒಂದು ಉಕ್ಕಿನ ಪಟ್ಟಿ ಮಾತ್ರ. ಅಂಥದ್ದು ಈಗಾಗಲೇ ನೇರವಿದ್ದರೆ ಮಾತ್ರ ಕೊಳ್ಳಿ.

ಇನ್ನೊಂದು ಅಮೆರಿಕನ್ ಕಂಪನಿ ಗಿಬ್ಸನ್‌ನ ಮಾದರಿಯ, ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿದ ಗಿಟಾರ್‌ಗಳಲ್ಲಿ ತಂತಿ ಕೂರುವ ನಟ್ಟಿನ ಹಿಂಭಾಗವನ್ನು ಬೆಳಕಿಗೆ ಹಿಡಿದು ನೋಡಿ. (ರಾಡ್‌ನ ನಟ್ಟಿಗೂ ತಂತಿ ಕೂರುವ ಮೂಳೆಯ ನಟ್ಟಿಗೂ ಒಂದೇ ಹೆಸರು ಇಟ್ಟವರಿಗೆ ಏನನ್ನಬೇಕೋ! ಇನ್ನು ಮುಂದೆ ಇದನ್ನು ಮೂಳೆ ನಟ್ ಅನ್ನೋಣ.) ಸಾಂಪ್ರದಾಯಿಕ ಗಿಬ್ಸನ್‌ನ ಹೆಡ್‌ಸ್ಟಾಕ್ 17 ಡಿಗ್ರಿ ಹಿಂದಕ್ಕಿರುತ್ತದೆ. ನೆಕ್ ಒಂದೇ ಮಹಾಗನಿ ತುಂಡಾದ್ದರಿಂದ ಅಲ್ಲಿ ಮರದ ಎಳೆಗಳು ಅಡ್ಡ ಕಡಿದು ಹೋಗಿರುತ್ತವೆ, ಸಾಲದ್ದಕ್ಕೆ ರಾಡ್‌ನ ನಟ್ಟಿಗೆಂದು ಅದೇ ಜಾಗದಲ್ಲಿ ಗುಳಿ ತೋಡಿರುತ್ತಾರೆ. ಗಿಟಾರ್ ಸ್ಟ್ಯಾಂಡ್‌ನಿಂದ ಬೆನ್ನಡಿಯಾಗಿ ಬಿದ್ದರೆ ಅಲ್ಲೇ ಬಿರುಕು. ಅಂಟಿಸಿ ಬಣ್ಣ ಬಳಿದಿದ್ದರೆ ಬರಿಗಣ್ಣಿಗೆ ಕಾಣದೆ ಇರಬಹುದು. ಕತ್ತಲೆ ಕೋಣೆಯಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಹಿಡಿದರೆ ಹಳೇ ಲ್ಯಾಕರ್ ಹಸಿರು ಹಳದಿಯಾಗಿ ಮಿನುಗುತ್ತದೆ, ಹೊಸದಾಗಿ ಬಳಿದ ತೇಪೆ ಕಪ್ಪಗೆ ಬೇರೆಯಾಗಿ ನಿಲ್ಲುತ್ತದೆ. ಚೆನ್ನಾಗಿ ಅಂಟಿಸಿದ ಮುರಿತ ನುಡಿಸುವವರಿಗೆ ದೋಷವೇ ಅಲ್ಲ. ಸಂಗ್ರಹಕಾರರು ಮೂಗು ಮುರಿಯುವುದರಿಂದ ಬೆಲೆ ಬಹಳ ಇಳಿದಿರುತ್ತದೆ, ನುಡಿಸಲೆಂದೇ ಕೊಳ್ಳುವವರಿಗೆ ಅದೇ ಲಾಭ.

ನೆಕ್ ಅಂಟಿಸಿದ ಗಿಟಾರ್ ಆಗಿದ್ದರೆ ಬ್ರಿಡ್ಜ್ ಎಷ್ಟು ಕೆಳಗಿದೆ ಅಂತ ಗಮನಿಸಿ. ಬ್ರಿಡ್ಜ್ ಬಾಡಿಗೆ ತಾಗುವಷ್ಟು ಇಳಿಸಿದ ಮೇಲೂ ತಂತಿ ಎತ್ತರದಲ್ಲೇ ಇದ್ದರೆ ನೆಕ್ಕಿನ ಕೋನ ಹೋಗಿದೆ. ಅದನ್ನು ಬಿಡಿಸಿ ಮತ್ತೆ ಕೂರಿಸುವುದು ಪಳಗಿದ ಕೈಯ ಕೆಲಸ. ಬೋಲ್ಟ್ ಹಾಕಿದ ನೆಕ್‌ನಲ್ಲಿ ಇದೇ ದೋಷಕ್ಕೆ ಒಂದು ತೆಳು ಮರದ ಬೆಣೆ ಸಾಕು. ಆ ಬೆಣೆ ಜೋಡಣೆಯ ಪೂರ್ತಿ ಅಗಲ ಉದ್ದಕ್ಕೆ ಇರಲಿ. ಒಂದು ತುದಿಗೆ ಮಾತ್ರ ಕಾಗದದ ಚೂರು ತುರುಕಿದರೆ ಅದರ ಪಕ್ಕ ಟೊಳ್ಳು ಉಳಿಯುತ್ತದೆ, ಬಿಗಿದ ಸ್ಕ್ರೂಗಳು ಕಾಲಕ್ರಮೇಣ ನೆಕ್ಕಿನ ತುದಿಯನ್ನು ಮೇಲಕ್ಕೆ ಏಳಿಸಬಹುದು.

ಫ್ರೆಟ್‌ಗಳ ಎತ್ತರವನ್ನು ವರ್ನಿಯರ್‌ನಿಂದಲೋ ಫೀಲರ್ ಗೇಜ್‌ನಿಂದಲೋ ಅಳೆಯಿರಿ. ಹೊಸ ಮಧ್ಯಮ ಗಾತ್ರದ ಫ್ರೆಟ್ 1.1 ಮಿ.ಮೀ. ಆಸುಪಾಸು ಇರುತ್ತದೆ. ಮೊದಲ ಐದು ಫ್ರೆಟ್‌ಗಳಲ್ಲಿ ತಂತಿಯ ಕೆಳಗೆ ಗುಳಿ ಬಿದ್ದಿರುವುದು ಸಹಜ. ಗುಳಿಯ ತಳದಿಂದ ಮರಕ್ಕೆ 0.8 ಮಿ.ಮೀ. ಉಳಿದಿದ್ದರೆ ಉಜ್ಜಿ ಸಮ ಮಾಡಬಹುದು. 0.6ಕ್ಕಿಂತ ಕಡಿಮೆ ಇದ್ದರೆ ಹೊಸ ಫ್ರೆಟ್ ಹಾಕಿಸುವ ಖರ್ಚನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಇಷ್ಟಾದ ಮೇಲೆ ವಯಸ್ಸು ಮತ್ತು ಗುರುತಿನ ಮಾತು. ಸೀರಿಯಲ್ ನಂಬರ್ ಒಂದನ್ನೇ ನಂಬಬೇಡಿ. ಹಳೇ ಫೆಂಡರ್‌ಗಳಲ್ಲಿ ನಂಬರ್ ಇರುವುದು ನಾಲ್ಕು ಸ್ಕ್ರೂವಿನ ಲೋಹದ ತಗಡಿನ ಮೇಲೆ, ಅದನ್ನು ಯಾವ ಗಿಟಾರ್‌ಗೆ ಬೇಕಾದರೂ ಬಿಗಿಯಬಹುದು. 1976ರಿಂದ ಈಚೆಗೆ ಹೆಡ್‌ಸ್ಟಾಕ್ ಮೇಲೆ ಬಂತು. ಒಳಗಿನ ಪಾಟ್‌ಗಳ ಬೆನ್ನಿನ ಸಂಖ್ಯೆ ಹೆಚ್ಚು ಮಾತಾಡುತ್ತದೆ. ಅಮೆರಿಕದ ಪಾಟ್ ಮೇಲೆ 1376632 ಅಂತ ಒತ್ತಿದ್ದರೆ, 137 ಅಂದರೆ ತಯಾರಕರು ಸಿಟಿಎಸ್, 66 ಅಂದರೆ 1966, 32 ಅಂದರೆ ಆ ವರ್ಷದ 32ನೇ ವಾರ. 304ರಿಂದ ಶುರುವಾದರೆ ಸ್ಟ್ಯಾಕ್‌ಪೋಲ್. ಆರೇ ಅಂಕಿ ಇದ್ದರೆ ವರ್ಷಕ್ಕೆ ಒಂದೇ ಅಂಕಿ, ದಶಕವನ್ನು ಬೇರೆ ಕುರುಹುಗಳಿಂದ ಊಹಿಸಬೇಕು. ಈ ಸಂಖ್ಯೆ ಹೇಳುವುದು ಒಂದೇ ಮಾತು: ಗಿಟಾರ್ ಇದಕ್ಕಿಂತ ಹಳತಲ್ಲ. ಫೆಂಡರ್ 1966ರಲ್ಲಿ ಪಾಟ್‌ಗಳನ್ನು ರಾಶಿಗಟ್ಟಲೆ ಕೊಂಡು ವರ್ಷಗಟ್ಟಲೆ ಬಳಸಿದ್ದರಿಂದ, 66ರ ಪಾಟ್ ಇರುವ 69ರ ಗಿಟಾರ್ ಕಂಡರೆ ಅನುಮಾನ ಪಡಬೇಕಿಲ್ಲ. ಪಾಟ್ ಮೇಲಿನ ಬೆಸುಗೆಯನ್ನೂ ನೋಡಿ. ಕಾರ್ಖಾನೆಯ ಹಳೇ ಬೆಸುಗೆ ಮಂಕಾಗಿ, ಸುತ್ತ ಕಂದು ರಾಳ ಅಂಟಿಕೊಂಡಿರುತ್ತದೆ. ಫಳಫಳ ಹೊಳೆಯುವ ಬೆಸುಗೆ ಇದ್ದರೆ ಅಲ್ಲಿ ಯಾರದೋ ಕೈಯಾಡಿದೆ.

1970ರ ದಶಕದ ಜಪಾನಿ ಗಿಟಾರ್‌ಗಳಿಗೆ ಮಾರುವವರು ‘ಲಾಸೂಟ್’ (ನಕಲಿಗಾಗಿ ಮೊಕದ್ದಮೆ ಎದುರಿಸಿದ್ದು) ಅನ್ನುವ ಬಿರುದು ಹಚ್ಚಿ ಬೆಲೆ ಏರಿಸುವುದುಂಟು. ಅಸಲಿಗೆ ಇದ್ದ ಮೊಕದ್ದಮೆ 1977ರದ್ದು: ಗಿಬ್ಸನ್‌ನ ಮಾತೃಸಂಸ್ಥೆ ನಾರ್ಲಿನ್, ಐಬಾನೆಜ್ ಗಿಟಾರ್‌ಗಳನ್ನು ಅಮೆರಿಕದಲ್ಲಿ ಹಂಚುತ್ತಿದ್ದ ಎಲ್ಗರ್ ಕಂಪನಿಯ ಮೇಲೆ ಹೆಡ್‌ಸ್ಟಾಕ್ ಆಕಾರದ ವಿಷಯಕ್ಕೆ ಹಾಕಿದ್ದು. ಅದು ಕೋರ್ಟಿನ ಹೊರಗೆ ರಾಜಿಯಾಯಿತು. ಮಿಕ್ಕ ಹತ್ತಾರು ಬ್ರಾಂಡ್‌ಗಳಿಗೆ ಆ ಬಿರುದಿನ ಹಕ್ಕಿಲ್ಲ. ಬಿರುದನ್ನು ಪಕ್ಕಕ್ಕಿಟ್ಟು ನೋಡಿದರೆ ಮಾತ್ಸುಮೊಕು, ಫೂಜಿಜೆನ್ ಕಾರ್ಖಾನೆಗಳ ಆ ಕಾಲದ ಕೆಲಸ ಗಟ್ಟಿಯಾಗಿಯೇ ಇದೆ, ತುಸು ದುಡ್ಡಿನಲ್ಲಿ ಒಳ್ಳೇ ಹಳೇ ಗಿಟಾರ್ ಬೇಕೆಂದರೆ ಹುಡುಕಬೇಕಾದದ್ದೂ ಅಲ್ಲೇ.

ಬೇರೆ ದೇಶದಿಂದ ತರಿಸುವುದಾದರೆ ಫಿಂಗರ್‌ಬೋರ್ಡ್ ಯಾವ ಮರ ಅಂತ ಕೇಳಿ. ಬ್ರೆಜಿಲ್ ರೋಸ್‌ವುಡ್ 1992ರಿಂದ, ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ. ಉಳಿದ ರೋಸ್‌ವುಡ್‌ಗಳನ್ನು 2017ರಲ್ಲಿ ಎರಡನೇ ಪಟ್ಟಿಗೆ ತಂದರು, ಸಿದ್ಧ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ಕೊಟ್ಟರು. 1960ರ ದಶಕದ ಮೊದಲ ಭಾಗದ ಅಮೆರಿಕನ್ ಗಿಟಾರ್‌ಗಳಲ್ಲಿ ಬ್ರೆಜಿಲ್ ಮರ ಸಾಮಾನ್ಯ, ಎಚ್ಚರ.

ಎಲೆಕ್ಟ್ರಾನಿಕ್ಸ್ ಪರೀಕ್ಷೆಗೆ ಒಂದು ಮಲ್ಟಿಮೀಟರ್, ಒಂದು ಗಿಟಾರ್ ಕೇಬಲ್ ಸಾಕು, ಏನೂ ಬಿಚ್ಚಬೇಕಿಲ್ಲ. ಕೇಬಲ್ ಚುಚ್ಚಿ, ಇನ್ನೊಂದು ತುದಿಯ ಪ್ಲಗ್‌ನ ಮೂತಿಗೂ ಕಾಂಡಕ್ಕೂ ಮೀಟರ್ ಹಿಡಿದು, ವಾಲ್ಯೂಮ್ ಟೋನ್ ಪೂರ್ತಿ ಏರಿಸಿ, ಸ್ವಿಚ್ ಒಂದೊಂದೇ ಪಿಕಪ್‌ಗೆ ತಿರುಗಿಸಿ. ಹಳೇ ಸ್ಟ್ರಾಟೋಕಾಸ್ಟರ್ ಮಾದರಿಯ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) 5.5ರಿಂದ 6.5 ಕಿಲೋಓಮ್, ಹಮ್‌ಬಕರ್ (ಎರಡು ಸುರುಳಿಯದ್ದು) 7ರಿಂದ 8.5 ತೋರಿಸುತ್ತದೆ. ವಾಲ್ಯೂಮ್ ಪಾಟ್ ಪಕ್ಕದಲ್ಲೇ ಸಮಾನಾಂತರವಾಗಿ ಇರುವುದರಿಂದ ಓದು ತುಸು ಕಡಿಮೆ ಬರುತ್ತದೆ: 6 ಕಿಲೋಓಮ್ ಪಿಕಪ್ 250 ಕಿಲೋಓಮ್ ಪಾಟ್ ಜೊತೆ 5.86 ತೋರಿಸೀತು. ಸೆಕೆಗೂ ಬದಲಾಗುತ್ತದೆ, ತಾಮ್ರದ ರೋಧ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.4 ಶೇಕಡಾ ಏರುತ್ತದೆ, ಹಾಗಾಗಿ ದಶಾಂಶದ ಅಂಕಿ ಹಿಡಿದು ಜಗಳಕ್ಕೆ ನಿಲ್ಲಬೇಡಿ. ಪಿಕಪ್‌ನ ಓದಿನ ಬದಲು ಏಕಾಏಕಿ 250 ಅಥವಾ 500 ಕಿಲೋಓಮ್ ಕಂಡರೆ ಕಾಯಿಲ್ ಕಡಿದಿದೆ, ನಿಮಗೆ ಕಾಣುತ್ತಿರುವುದು ಬರೀ ಪಾಟ್. ಹಮ್‌ಬಕರ್ 4ರ ಸುತ್ತ ನಿಂತರೆ ಒಂದೇ ಕಾಯಿಲ್ ಕೆಲಸ ಮಾಡುತ್ತಿದೆ, ಇಲ್ಲವೇ ಯಾರೋ ಕಾಯಿಲ್ ಸ್ಪ್ಲಿಟ್ ಸ್ವಿಚ್ ಹಾಕಿದ್ದಾರೆ. ಎರಡು ಪಿಕಪ್ ಒಟ್ಟಿಗೆ ಹಾಕಿದಾಗ ಸದ್ದು ತೆಳುವಾಗಿ ಮೂಗಿನಿಂದ ಬಂದಂತಾದರೆ ಒಂದರ ಫೇಸ್ (ಸಿಗ್ನಲ್‌ನ ದಿಕ್ಕು) ತಿರುಗಿದೆ. ಒಂದು ಪಿಕಪ್‌ನ ಎರಡು ವೈರ್ ಅದಲು ಬದಲು ಮಾಡಿದರೆ ಸರಿ. ಆದರೆ ಲೋಹದ ಕವರ್ ಇದ್ದು, ಕವರ್ ಅದರದೇ ಒಂದು ವೈರಿಗೆ ಸೇರಿದ್ದರೆ ಮೊದಲು ಆ ಸಂಪರ್ಕ ಬೇರ್ಪಡಿಸಬೇಕು. ಇಲ್ಲದಿದ್ದರೆ ಕವರ್ ಸಿಗ್ನಲ್ ಕಡೆಗೆ ಹೋಗಿ ಗುಂಯ್‌ಗುಡುತ್ತದೆ.

ಇನ್ನು ಮನೆಗೆ ತಂದ ಮೇಲೆ. ಮೊದಲ ಸ್ಕ್ರೂ ಬಿಚ್ಚುವ ಮುಂಚೆ ಎಲ್ಲ ಕಡೆಯಿಂದ ಫೋಟೋ, ಪಿಕ್‌ಗಾರ್ಡ್ ಎತ್ತಿದ ಮೇಲೆ ವೈರಿಂಗ್‌ನ ಫೋಟೋ. ಸ್ಕ್ರೂಗಳನ್ನು ರಟ್ಟಿನ ಮೇಲೆ ಗಿಟಾರ್‌ನ ಚಿತ್ರ ಬರೆದು ಅದೇ ಜಾಗದಲ್ಲಿ ಚುಚ್ಚಿಡಿ. ನೋಡಲು ಒಂದೇ ಥರ ಇದ್ದರೂ ಉದ್ದದಲ್ಲಿ ಎರಡು ಮಿಲಿಮೀಟರ್ ವ್ಯತ್ಯಾಸ ಇರುತ್ತದೆ, ಉದ್ದದ ಸ್ಕ್ರೂ ತಪ್ಪು ತೂತಿಗೆ ಹೋದರೆ ಇನ್ನೊಂದು ಕಡೆಯ ಬಣ್ಣ ಉಬ್ಬುತ್ತದೆ. ಜಪಾನಿ ಗಿಟಾರ್‌ನ ಸ್ಕ್ರೂಗಳು ಜಿಸ್ (ಜಪಾನಿನ ಕೈಗಾರಿಕಾ ಮಾನದಂಡ) ಮಾದರಿಯವು. ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ಅವುಗಳ ಸೀಳಿನಲ್ಲಿ ಪೂರ್ತಿ ಕೂರದೆ ಜಾರಿ ತಲೆ ಸವೆಸುತ್ತದೆ. ಜಿಸ್ ತುದಿಯದ್ದನ್ನೇ ತನ್ನಿ. ತುಕ್ಕು ಹಿಡಿದು ಕೂತ ಸ್ಕ್ರೂ ತಲೆಗೆ ಸೋಲ್ಡರಿಂಗ್ ಐರನ್ ಒಂದು ನಿಮಿಷ ಒತ್ತಿ ಹಿಡಿದು, ಆರಿದ ಮೇಲೆ ತಿರುಗಿಸಿ. ಬಿಸಿಗೆ ಹಿಗ್ಗಿ ಕುಗ್ಗಿದಾಗ ಮರದ ಹಿಡಿತ ಬಿಡುತ್ತದೆ. ಸಡಿಲವಾದ ತೂತಿಗೆ ಹಲ್ಲುಕಡ್ಡಿಯನ್ನು ಮರದ ಬಿಳಿ ಅಂಟಿನಲ್ಲಿ ಅದ್ದಿ ತುಂಬಿ, ಒಂದು ರಾತ್ರಿ ಒಣಗಿಸಿ. ನೆಕ್ ಬೋಲ್ಟ್ ಮತ್ತು ಸ್ಟ್ರಾಪ್ ಗುಂಡಿಯ ತೂತಿಗೆ ಮಾತ್ರ ಹಲ್ಲುಕಡ್ಡಿ ಸಾಲದು, ಗಟ್ಟಿ ಮರದ ಗೂಟ ಹಾಕಿ ಹೊಸದಾಗಿ ಕೊರೆಯಬೇಕು.

ಶುಚಿ ಮಾಡುವುದು ಹೀಗೆ: ಹಿಂಡಿದ ಒದ್ದೆ ಬಟ್ಟೆ ಮೊದಲು, ಜಿಡ್ಡಿಗೆ ಲೈಟರ್‌ಗೆ ಹಾಕುವ ನ್ಯಾಫ್ತಾ, ಕಿಟಕಿ ತೆರೆದಿಟ್ಟು, ಬೆಂಕಿಯಿಂದ ದೂರದಲ್ಲಿ. ಸ್ಪಿರಿಟ್, ಥಿನ್ನರ್, ಅಸಿಟೋನ್ ಮೂರೂ ಹಳೇ ಗಿಟಾರ್‌ಗಳ ನೈಟ್ರೋ (ನೈಟ್ರೋಸೆಲ್ಯುಲೋಸ್) ಲ್ಯಾಕರ್‌ನ ವೈರಿಗಳು. ಕೂದಲೆಳೆಯಂಥ ಬಿರುಕು ಬಿಟ್ಟ ಹಳೇ ಲ್ಯಾಕರ್ ಮೇಲೆ ಬಿಳಿ ಪಾಲಿಶಿಂಗ್ ಕಾಂಪೌಂಡ್ ಉಜ್ಜಿದರೆ ಅದು ಬಿರುಕಿನೊಳಗೆ ಕೂತು ಮತ್ತೆ ಬರುವುದಿಲ್ಲ. ಅಸಲಿ ಬಣ್ಣ ಎಷ್ಟೇ ಹೋಗಿರಲಿ, ಹೊಸದಾಗಿ ಬಳಿಸಬೇಡಿ. ಹೆಸರುವಾಸಿ ಗಿಟಾರ್ ಆದರೆ ಬೆಲೆ ಅರ್ಧಕ್ಕೆ ಇಳಿಯುತ್ತದೆ. ರಬ್ಬರ್ ತೋಳಿನ ಸ್ಟ್ಯಾಂಡ್ ಮೇಲೆ ನಿಲ್ಲಿಸಿದರೂ ನೈಟ್ರೋ ಕರಗಿ ಅಂಟಾಗುತ್ತದೆ, ಹತ್ತಿ ಬಟ್ಟೆ ಸುತ್ತಿ. ರೋಸ್‌ವುಡ್ ಫಿಂಗರ್‌ಬೋರ್ಡ್‌ನ ಕೊಳೆಗೂ ನ್ಯಾಫ್ತಾನೇ, ಆಮೇಲೆ ನಾಲ್ಕು ಹನಿ ಖನಿಜ ಎಣ್ಣೆ ಹಚ್ಚಿ ಐದು ನಿಮಿಷಕ್ಕೆ ಒರೆಸಿ. ಲ್ಯಾಕರ್ ಹಚ್ಚಿದ ಮೇಪಲ್‌ಗೆ ಎಣ್ಣೆ ಬೇಕಿಲ್ಲ. ತುಕ್ಕು ತೆಗೆಯಲು ವಿನಿಗರ್‌ನಲ್ಲಿ ನೆನೆಸುವ ಸಲಹೆ ಎಲ್ಲೆಡೆ ಸಿಗುತ್ತದೆ. ಬರೀ ಉಕ್ಕಿಗೆ ಸರಿ, ಸತುವಿನಲ್ಲಿ ಎರಕ ಹೊಯ್ದ ಬ್ರಿಡ್ಜ್ ಭಾಗಗಳನ್ನು ಅದು ತಿಂದುಹಾಕುತ್ತದೆ.

ಪಾಟ್‌ನ ಕರಕರಕ್ಕೆ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಬೇಕು. ಬೀಗಕ್ಕೆ ಹೊಡೆಯುವ ಸಾಮಾನ್ಯ ಎಣ್ಣೆ ಸ್ಪ್ರೇ ಒಳಗೆ ಜಿಡ್ಡು ಉಳಿಸಿ ಮತ್ತೆ ಧೂಳು ಕೂರಿಸುತ್ತದೆ. ಕಾಲುಗಳ ಮೇಲಿನ ಸಂದಿಯಿಂದ ಒಂದು ಚಿಮುಕು, ಆಮೇಲೆ ಕೊನೆಯಿಂದ ಕೊನೆಗೆ ಮೂವತ್ತು ಬಾರಿ ತಿರುಗಿಸಿ. ಎರಡು ಸಲಕ್ಕೂ ಹೋಗದಿದ್ದರೆ ಒಳಗಿನ ಕಾರ್ಬನ್ ಸವೆದಿದೆ, ಬದಲಿಸಿ: ಸಿಂಗಲ್ ಕಾಯಿಲ್‌ಗೆ 250, ಹಮ್‌ಬಕರ್‌ಗೆ 500 ಕಿಲೋಓಮ್, ಆಡಿಯೋ ಟೇಪರ್. ಹಳೇ ನಾಬ್ ಉಳಿಸಿಕೊಳ್ಳುವುದಾದರೆ ಶಾಫ್ಟ್‌ನ ಹಲ್ಲು ಎಣಿಸಿ. ಅಮೆರಿಕದ ಪಾಟ್‌ಗೆ 24, ಜಪಾನಿನದಕ್ಕೆ 18. ತೂತಿನ ಅಗಲವೂ ಬೇರೆ. ಜಪಾನಿ ಗಿಟಾರ್‌ಗೆ ದೊಡ್ಡ ಅಮೆರಿಕನ್ ಪಾಟ್ ಕೂರಿಸಲು ತೂತು ದೊಡ್ಡದು ಮಾಡಬೇಡಿ, ಅದೇ ಅಳತೆಯ ಮೆಟ್ರಿಕ್ ಪಾಟ್ ಸಿಗುತ್ತದೆ. ಟೋನ್ ಕೆಪಾಸಿಟರ್ ಕೆಲಸ ಮಾಡುತ್ತಿದ್ದರೆ ಅದರ ಪಾಡಿಗೆ ಬಿಡಿ. ಹಾಕುವುದೇ ಆದರೆ 0.022 ಅಥವಾ 0.047 ಮೈಕ್ರೋಫ್ಯಾರಡ್. ಪಾಟ್‌ನ ಬೆನ್ನಿಗೆ ಬೆಸುಗೆ ಹಾಕಲು 40 ವ್ಯಾಟ್‌ಗಿಂತ ಕಡಿಮೆಯ ಐರನ್ ತೊಗೊಂಡರೆ ಫಜೀತಿ: ಬಿಸಿ ಸಾಲದೆ ಅರ್ಧ ನಿಮಿಷ ಒತ್ತಿ ಹಿಡಿಯುತ್ತೀರಿ, ಅಷ್ಟರಲ್ಲಿ ಒಳಗಿನ ಕಾರ್ಬನ್ ಸುಡುತ್ತದೆ. ಅಗಲ ತುದಿ, 370 ಡಿಗ್ರಿ, ಮೂರು ನಾಲ್ಕು ಸೆಕೆಂಡ್, ಮುಗಿಯಿತು.

ಗುಂಯ್ ಸದ್ದಿಗೆ ಕಾರಣ ಹುಡುಕುವುದು ಸುಲಭ. ತಂತಿ ಮುಟ್ಟಿದಾಗ ಸದ್ದು ಇಳಿದರೆ ಗ್ರೌಂಡ್ ಸರಿಯಿದೆ, ಬಾಡಿಯೊಳಗಿನ ಗುಳಿಗಳಿಗೆ ತಾಮ್ರದ ಹಾಳೆ ಅಂಟಿಸಿ ಗ್ರೌಂಡ್‌ಗೆ ಸೇರಿಸಿದರೆ ಇನ್ನೂ ಕಡಿಮೆಯಾದೀತು. ತಂತಿ ಮುಟ್ಟಿದರೂ ವ್ಯತ್ಯಾಸವೇ ಇಲ್ಲದಿದ್ದರೆ ಬ್ರಿಡ್ಜ್‌ಗೆ ಹೋಗುವ ಗ್ರೌಂಡ್ ವೈರ್ ಕಡಿದಿದೆ. ಬ್ರಿಡ್ಜ್‌ನಿಂದ ಜಾಕ್‌ನ ಕಾಂಡಕ್ಕೆ ಒಂದು ಓಮ್ ಒಳಗೆ ಬರಬೇಕು. ಮುಟ್ಟಿದಾಗ ಸದ್ದು ಏರಿದರೆ ಜಾಕ್‌ನ ಎರಡು ವೈರ್ ತಿರುವುಮುರುವಾಗಿವೆ. ಹಳೇ ವಾಲ್ವ್ ಆಂಪ್ಲಿಫೈಯರ್ ಜೊತೆ ಪರೀಕ್ಷಿಸುವುದಾದರೆ ಅದಕ್ಕೆ ಅರ್ತ್ ಇರುವ ಮೂರು ಪಿನ್ನಿನ ಪ್ಲಗ್ ಇದೆಯೇ ಖಾತ್ರಿ ಮಾಡಿಕೊಳ್ಳಿ. ಇಲ್ಲದಿದ್ದರೆ ತಂತಿಯ ಮೂಲಕ ಶಾಕ್ ಹೊಡೆಯುವುದು ನಿಮಗೇ.

ಹಳೇ ಫೆಂಡರ್ ಪಿಕಪ್ ಕೈಗೆ ಬಂದರೆ ಆಯಸ್ಕಾಂತದ ಕಂಬಗಳನ್ನು ಒತ್ತಿ ಮೇಲೆ ಕೆಳಗೆ ಮಾಡುವ ಆಸೆ ಬರುತ್ತದೆ. ಮಾಡಬೇಡಿ. ಪ್ಲಾಸ್ಟಿಕ್ ಬಾಬಿನ್ (ತಂತಿ ಸುತ್ತುವ ಉಂಡೆ) ಇಲ್ಲದ ಈ ಪಿಕಪ್‌ನಲ್ಲಿ ತಾಮ್ರದ ತಂತಿ ನೇರ ಆಯಸ್ಕಾಂತಗಳ ಮೈಗೇ ಸುತ್ತಿರುತ್ತದೆ, ನಡುವೆ ಇರುವುದು ಲ್ಯಾಕರ್‌ನ ಪೊರೆ ಮಾತ್ರ. ತಂತಿಯ ದಪ್ಪ ಸುಮಾರು 0.06 ಮಿ.ಮೀ., ತಲೆಗೂದಲಿನಷ್ಟು. ಆಯಸ್ಕಾಂತಕ್ಕೆ ತುಕ್ಕು ಹಿಡಿದಾಗ ಅದು ಉಬ್ಬಿ, ಒರಟಾಗಿ, ಒಳಗಿನ ಮೊದಲ ಸುತ್ತುಗಳನ್ನು ಕೊರೆಯುತ್ತದೆ. ಹಳೇ ಪಿಕಪ್‌ಗಳು ಸಾಯುವ ಒಂದು ದಾರಿ ಇದೇ, ಅದಕ್ಕೆ ಹೊಸದಾಗಿ ಸುತ್ತುವುದೇ ಮದ್ದು. ಇನ್ನೊಂದು ದಾರಿ ಸುಲಭದ್ದು: ಹೊರಗಿನ ಕೊನೇ ಸುತ್ತು ಬೆಸುಗೆಯ ಕಣ್ಣಿನ ಹತ್ತಿರ ಕಡಿದಿರುವುದು. ಭೂತಗನ್ನಡಿ ಹಿಡಿದು ಆ ತುದಿ ಸಿಕ್ಕಿದರೆ ಒಂದು ಸುತ್ತು ಬಿಚ್ಚಿ, ನಿರೋಧಕ ಪೊರೆ ಕೆರೆದು ಮತ್ತೆ ಬೆಸೆಯಬಹುದು.

ಪಿಕಪ್ ಕವರ್ ತಟ್ಟಿದಾಗ ಆಂಪ್‌ನಲ್ಲಿ ಡಬ್ ಡಬ್ ಅಂದರೆ, ಜೋರು ಮಾಡಿದಾಗ ಕಿರುಚಿದರೆ, ಸುತ್ತುಗಳು ಸಡಿಲವಾಗಿ ಅದುರುತ್ತಿವೆ, ಅವನ್ನು ಮೇಣ ಕುಡಿಸಿ ಬಿಗಿ ಮಾಡಬೇಕು. ನಾಲ್ಕು ಪಾಲು ಪ್ಯಾರಾಫಿನ್, ಒಂದು ಪಾಲು ಜೇನುಮೇಣ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಥರ್ಮಾಮೀಟರ್‌ನಲ್ಲಿ 60ರಿಂದ 65 ಡಿಗ್ರಿ. ಗುಳ್ಳೆ ನಿಲ್ಲುವವರೆಗೆ, ಸುಮಾರು 15 ನಿಮಿಷ, ಪಿಕಪ್ ಮುಳುಗಿಸಿ. ಬಿಸಿ 70 ದಾಟಿದರೆ ಹಳೇ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗುವ ಅಪಾಯ. ನೇರ ಒಲೆಯ ಮೇಲೆ ಮೇಣ ಇಡಲೇಬೇಡಿ.

ಈಗ ಫ್ರೆಟ್ ಕೆಲಸ, ಇಡೀ ದುರಸ್ತಿಯ ಜೀವಾಳ. ಮೊದಲು ಎದ್ದ ಫ್ರೆಟ್‌ಗಳನ್ನು ಕೂರಿಸಿ: ಬೆರಳಿನಿಂದ ಒತ್ತಿದಾಗ ತುದಿ ಅಲುಗಿದರೆ ಸಂದಿಗೆ ತೆಳು ಸೂಪರ್ ಗ್ಲೂ ಒಂದು ಹನಿ, ಮೇಲೆ ಮರದ ತುಂಡಿಟ್ಟು ಕ್ಲಾಂಪ್. ಇದನ್ನು ಮಾಡದೆ ಉಜ್ಜಿದರೆ ಎದ್ದಿದ್ದನ್ನೇ ಸವೆಸಿ, ಆಮೇಲೆ ಅದು ಕೂತಾಗ ಅಲ್ಲಿ ಹಳ್ಳ ಬೀಳುತ್ತದೆ. ಬಳಿಕ ತಂತಿ ತೆಗೆದು, ಫ್ರೆಟ್ ಜಾಗಕ್ಕೆ ಕಚ್ಚು ಇರುವ ನೇರಪಟ್ಟಿಯನ್ನು ಮರದ ಮೇಲಿಟ್ಟು, ಬೆಳಕು ನುಸುಳದಷ್ಟು ನೇರವಾಗುವವರೆಗೆ ಟ್ರಸ್ ರಾಡ್ ಹೊಂದಿಸಿ. ಮರಕ್ಕೆ ಮಾಸ್ಕಿಂಗ್ ಟೇಪ್ ಸುತ್ತಿ, ಪ್ರತಿ ಫ್ರೆಟ್‌ನ ನೆತ್ತಿಗೆ ಕಪ್ಪು ಮಾರ್ಕರ್ ಬಳಿಯಿರಿ. ನಿಜಕ್ಕೂ ಸಮತಟ್ಟಾದ ಉದ್ದನೆ ಲೋಹದ ಪಟ್ಟಿಗೆ 320 ಗ್ರಿಟ್ ಸ್ಯಾಂಡ್‌ಪೇಪರ್ ಅಂಟಿಸಿ, ಪಟ್ಟಿಯ ಭಾರ ಬಿಟ್ಟು ಕೈಯ ಒತ್ತಡ ಹಾಕದೆ, ತಂತಿ ಹೋಗುವ ದಾರಿಯಲ್ಲೇ ಉದ್ದಕ್ಕೆ ಎಳೆಯಿರಿ. ನಾಲ್ಕೈದು ಎಳೆತಕ್ಕೆ ಎತ್ತರದ ಫ್ರೆಟ್‌ಗಳಲ್ಲಿ ಕಪ್ಪು ಹೋಗಿ ಬೆಳ್ಳಗೆ ಗೆರೆ ಕಾಣುತ್ತದೆ, ತಗ್ಗಿನವುಗಳಲ್ಲಿ ಕಪ್ಪು ಹಾಗೇ ಉಳಿದಿರುತ್ತದೆ. ಕೊನೇ ಫ್ರೆಟ್‌ನ ಕಪ್ಪು ಮಾಸಿದ ಕ್ಷಣಕ್ಕೆ ನಿಲ್ಲಿಸಿ, ಅಲ್ಲಿಂದ ಮುಂದಿನ ಒಂದೊಂದು ಎಳೆತವೂ ಫ್ರೆಟ್‌ನ ಆಯುಸ್ಸು ತಿನ್ನುತ್ತದೆ.

ಈಗ ನೆತ್ತಿಗಳೆಲ್ಲ ಚಪ್ಪಟೆ. ಹಾಗೇ ಬಿಟ್ಟರೆ ತಂತಿ ಚಪ್ಪಟೆಯ ಮುಂದಿನ ಅಂಚಿನಲ್ಲಿ ಕೂತು ಶ್ರುತಿ ತುಸು ಏರುತ್ತದೆ, ಝಿರ್ ಅನ್ನುವುದೂ ಉಂಟು. ಮತ್ತೆ ಮಾರ್ಕರ್ ಬಳಿದು, ಒಳಕ್ಕೆ ಬಾಗಿದ ಹೊಟ್ಟೆಯ ಕ್ರೌನಿಂಗ್ ಅರದಿಂದ ಎರಡೂ ಪಕ್ಕ ತೀಡಿ. ನಡುವೆ 0.3 ಮಿ.ಮೀ. ಅಗಲದ ಕಪ್ಪು ಗೆರೆ ಉಳಿದರೆ ಸಾಕು. ಆ ಗೆರೆ ಅಳಿಸಿದರೆ ಎತ್ತರ ಮತ್ತೆ ತಪ್ಪಿದಂತೆ. ಆಮೇಲೆ 600, 1000, 1500, 2000 ಗ್ರಿಟ್, ಕೊನೆಗೆ 0000 ಸ್ಟೀಲ್ ವುಲ್. ಸ್ಟೀಲ್ ವುಲ್ ಮುಟ್ಟುವ ಮುಂಚೆ ಪಿಕಪ್‌ಗಳನ್ನು ಟೇಪಿನಿಂದ ಪೂರ್ತಿ ಮುಚ್ಚಿ. ಅದರ ಪುಡಿ ಆಯಸ್ಕಾಂತಕ್ಕೆ ಮೀಸೆಯಂತೆ ಅಂಟಿದರೆ ಬಿಡಿಸುವುದು ಆಗದ ಹೋಗದ ಕೆಲಸ.

ಮೂಳೆ ನಟ್‌ನ ಪರೀಕ್ಷೆ: ತಂತಿಯನ್ನು ಎರಡನೇ ಮೂರನೇ ಫ್ರೆಟ್ ನಡುವೆ ಒತ್ತಿ, ಮೊದಲ ಫ್ರೆಟ್ ಮೇಲೆ ಕೂದಲೆಳೆಯ ಸಂದು ಕಾಣಬೇಕು. ಸಂದೇ ಇಲ್ಲದಿದ್ದರೆ ತಂತಿ ಕೂರುವ ಸೀಳು ಆಳವಾಗಿದೆ, ಬಿಟ್ಟ ತಂತಿ ಝಿರ್ ಅನ್ನುತ್ತದೆ. ಸಂದು ಜಾಸ್ತಿಯಾದರೆ ಮೊದಲ ಫ್ರೆಟ್‌ನ ಸ್ವರಗಳು ಶ್ರುತಿ ಮೇಲೇರುತ್ತವೆ, ಎಷ್ಟು ಶ್ರುತಿ ಮಾಡಿದರೂ ಕಾರ್ಡ್ ಕೂಡಿಬರುವುದಿಲ್ಲ. ಸೀಳಿನ ತಳ ಹೆಡ್‌ಸ್ಟಾಕ್ ಕಡೆಗೆ ಇಳಿಜಾರಾಗಿರಬೇಕು. ಮಟ್ಟಸವಾಗಿದ್ದರೆ ತಂಬೂರಿಗೆ ಜೀವಾಳಿ ಇಟ್ಟಂತೆ ಝೇಂಕರಿಸುತ್ತದೆ. ತಂಬೂರಿಗೆ ಅದು ಸೊಗಸು, ಇಲ್ಲಿ ಬೇಡ. ಶ್ರುತಿ ಮಾಡುವಾಗ ಟಿಣ್ ಅಂತ ತಂತಿ ಹಾರಿದರೆ ಸೀಳು ಬಿಗಿ. ಪೆನ್ಸಿಲ್ ಸೀಸ ಉಜ್ಜಿ, ಸಾಲದಿದ್ದರೆ ಸರಿಯಾದ ಅಗಲದ ನಟ್ ಅರದಿಂದ ಎರಡೇ ಎಳೆತ. ತಂತಿ ಶ್ರುತಿ ಮಾಡುವ ಹೆಡ್‌ಸ್ಟಾಕ್‌ನ ಕೀಲಿಗಳನ್ನು ಬದಲಿಸುವ ಮುಂಚೆ ಇದನ್ನು ನೋಡಿ. ಶ್ರುತಿ ನಿಲ್ಲುವುದಿಲ್ಲ ಅನ್ನುವ ದೂರಿನಲ್ಲಿ ಕೀಲಿಗಿಂತ ನಟ್ಟಿನ ತಪ್ಪೇ ಹೆಚ್ಚು. ಹಳೇ ಕೀಲಿಗೆ ಒಂದು ಹನಿ ಎಣ್ಣೆ ಸಾಕು.

ಕೊನೆಗೆ ಹೊಂದಿಕೆ. 0.010ರಿಂದ 0.046 ಇಂಚಿನ ತಂತಿ ಹಾಕಿ ಶ್ರುತಿ ಮಾಡಿ, ರಾಡ್‌ನಿಂದ 0.2ರಿಂದ 0.25 ಬಾಗು ತಂದು, 12ನೇ ಫ್ರೆಟ್ ಮೇಲೆ ದಪ್ಪ ತಂತಿಗೆ 2 ಮಿ.ಮೀ., ಸಣ್ಣ ತಂತಿಗೆ 1.6 ಇರುವಂತೆ ಬ್ರಿಡ್ಜ್ ಏರಿಸಿ ಇಳಿಸಿ. ಹಳೇ ಫೆಂಡರ್‌ನ ಫಿಂಗರ್‌ಬೋರ್ಡ್ ತ್ರಿಜ್ಯ 7.25 ಇಂಚು, ಬಹಳ ದುಂಡು. ತಂತಿ ಇನ್ನೂ ಕೆಳಗಿಳಿಸಿದರೆ ಎಳೆದು ನುಡಿಸುವಾಗ ಮುಂದಿನ ಫ್ರೆಟ್‌ಗೆ ತಾಗಿ ಸ್ವರ ಸಾಯುತ್ತದೆ, ಅದು ಫ್ರೆಟ್‌ನ ದೋಷವಲ್ಲ. 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ಹಾರ್ಮೋನಿಕ್‌ಗಿಂತ (ಅಲ್ಲೇ ಒತ್ತದೆ ಬೆರಳು ಸೋಕಿಸಿ ಮೀಟಿದ ಸ್ವರ) ಏರಿದ್ದರೆ ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಸ್ಯಾಡಲ್ ಸರಿಸಲಾಗದ ಹಳೇ ಬ್ರಿಡ್ಜ್‌ನಲ್ಲಿ ಮೂರನೇ ತಂತಿ ಮಾತ್ರ ಹಟ ಹಿಡಿದು ಶ್ರುತಿ ಏರುತ್ತಿದ್ದರೆ, ಆ ಬ್ರಿಡ್ಜ್ ಸುತ್ತು ಹೊದಿಸಿದ ಮೂರನೇ ತಂತಿಗೆಂದು ಮಾಡಿದ್ದು. ಆ ಕಾಲದ ಸೆಟ್‌ಗಳಲ್ಲಿ ಅದೇ ಇರುತ್ತಿತ್ತು. ಬ್ರಿಡ್ಜ್ ಬದಲಿಸುವ ಬದಲು ಅಂಥ ತಂತಿಯ ಸೆಟ್ ಹಾಕಿ.

ತೆಗೆದ ಪಾಟ್, ಸ್ಕ್ರೂ, ಬಿರುಕು ಬಿಟ್ಟ ನಾಬ್, ಕಡಿದ ವೈರ್ ಸಮೇತ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ, ಯಾವಾಗ ತೆಗೆದದ್ದು ಅಂತ ಚೀಟಿ ಬರೆದು ಗಿಟಾರ್ ಪೆಟ್ಟಿಗೆಯಲ್ಲೇ ಇಡಿ. ವರ್ಷಗಟ್ಟಲೆ ತಂತಿಯಿಲ್ಲದೆ ಬಿದ್ದಿದ್ದ ನೆಕ್ ಹೊಸ ಎಳೆತಕ್ಕೆ ಒಂದೆರಡು ವಾರ ನಿಧಾನ ಬಾಗುತ್ತಲೇ ಇರುತ್ತದೆ. ಮೂರನೇ ದಿನ ಒಮ್ಮೆ, ಹದಿನೈದನೇ ದಿನ ಒಮ್ಮೆ ಫೀಲರ್ ಗೇಜ್ ಹಾಕಿ ನೋಡಿ, ಬೇಕಿದ್ದರೆ ರಾಡ್ ಎಂಟನೇ ಒಂದು ಸುತ್ತು ಬಿಗಿ ಮಾಡಿ, ಇಂಟೊನೇಶನ್ (12ನೇ ಫ್ರೆಟ್‌ನ ಶ್ರುತಿ ಹೊಂದಿಕೆ) ಇನ್ನೊಮ್ಮೆ ಸರಿ ಮಾಡಿ.